ಅಪ್ಪನ ಆರೈಕೆಗೆ ಹೊರಗಿನವರು ಬಂದರೆ ತಪ್ಪೇ?

ಕೆಂಗೇರಿ ಉಪನಗರದ ಒಂದು ಮನೆ. ಕೆಳಗೆ ಮನೆಯವರು, ಮೇಲೆ ಬಾಡಿಗೆಯವರು. ಯಜಮಾನರಿಗೆ 78 ವರ್ಷ. ಕಾರ್ಖಾನೆಯೊಂದರಲ್ಲಿ 35 ವರ್ಷ ದುಡಿದು ನಿವೃತ್ತರಾದವರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬಲಗೈ ಜೋತುಬಿತ್ತು, ಮಾತು ತೊದಲಿತು. ಪಾರ್ಶ್ವವಾಯು. 18 ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಜೀವವೇನೋ ಉಳಿಯಿತು, ಆದರೆ ದೇಹದ ಬಲಭಾಗ ಸ್ವಾಧೀನ ತಪ್ಪಿತ್ತು.

ಆರು ತಿಂಗಳ ನಂತರ ಜ್ವರವೆಂದು ನನ್ನನ್ನು ಕರೆಸಿದರು. ಹೊದಿಕೆ ಸರಿಸಿ, ಅವರನ್ನು ಪಕ್ಕಕ್ಕೆ ಹೊರಳಿಸಿ ನೋಡಿದೆ. ಬೆನ್ನಿನ ಕೆಳಭಾಗದಲ್ಲಿ ಅಂಗೈ ಅಗಲದ ಹುಣ್ಣು. ತಳದಲ್ಲಿ ಮೂಳೆ ಕಾಣುತ್ತಿತ್ತು. ಜ್ವರಕ್ಕೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಸೊಸೆಯ ಸೊಂಟಕ್ಕೂ ಬೆಲ್ಟ್ ಇತ್ತು. ಮಾವನವರನ್ನು ದಿನವೂ ಎತ್ತಿ ಕೂರಿಸಿ, ಇಳಿಸಿ ಮಲಗಿಸಿ ಆಕೆಯ ಬೆನ್ನುಮೂಳೆಯ ಡಿಸ್ಕ್ ಜರುಗಿತ್ತು. ಖಾಸಗಿ ಶಾಲೆಯ ಕೆಲಸವನ್ನು ಆಕೆ ಮೂರು ತಿಂಗಳ ಹಿಂದೆಯೇ ಬಿಟ್ಟಿದ್ದರು. ಅತ್ತೆಗೆ ಮಂಡಿನೋವು, ಅವರೇ ಗೋಡೆ ಹಿಡಿದು ನಡೆಯುವವರು.

"ಸಹಾಯಕ್ಕೆ ಯಾರನ್ನಾದರೂ ಇಟ್ಟುಕೊಳ್ಳಬಾರದಿತ್ತೆ?" ಎಂದು ಮಗನನ್ನು ಕೇಳಿದೆ.

"ಮನೇಲಿ ನಾವೆಲ್ಲ ಇದ್ದೀವಲ್ಲ ಡಾಕ್ಟ್ರೇ. ಅಪ್ಪನ್ನ ಕೂಲಿಯವರ ಕೈಗೆ ಕೊಟ್ರು ಅಂತ ನಾಲ್ಕು ಜನ ಆಡಿಕೊಳ್ಳಲ್ವೆ?"

ಆತ ಕೆಟ್ಟ ಮಗನಲ್ಲ. ತಂದೆಯ ಮೇಲಿನ ಅಭಿಮಾನದಿಂದಲೇ ಆ ಮಾತು ಬಂದಿತ್ತು. ಆದರೆ ಅದೇ ಅಭಿಮಾನ ತಂದೆಯ ಒಳ್ಳೆಯ ಆರೈಕೆಗೆ ಅಡ್ಡವಾಗಿ ನಿಂತಿತ್ತು. ಇದು ಹೇಗಾಗುತ್ತದೆ, ಇದಕ್ಕೆ ಏನು ಮಾಡಬಹುದು ಎಂಬುದರ ಬಗ್ಗೆ ಈ ವಾರ ನಿಮ್ಮೊಡನೆ ಮಾತನಾಡಬೇಕೆನಿಸಿದೆ.

'ನಾವೆಲ್ಲ' ಎಂದರೆ ಯಾರು?

ಆ ಮನೆಯ ದಿನಚರಿಯನ್ನು ಸ್ವಲ್ಪ ಕೇಳಿ. ಮಗ ಬೆಳಿಗ್ಗೆ 8ಕ್ಕೆ ಮೆಟ್ರೊ ಹಿಡಿದರೆ ಮನೆ ಸೇರುವುದು ರಾತ್ರಿ 8ಕ್ಕೆ. ಮೊಮ್ಮಗನಿಗೆ ಕಾಲೇಜು, ಟ್ಯೂಷನ್. ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ವಾರಕ್ಕೆರಡು ಸಲ ಫೋನು. ಹಾಗಾದರೆ ಮಲಮೂತ್ರ ತೆಗೆಯುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ರಾತ್ರಿ ಎರಡು ಗಂಟೆಗೆ ಎದ್ದು ಹಾಸಿಗೆ ಬದಲಿಸುವುದು ಯಾರು? ಸೊಸೆ ಒಬ್ಬರೇ. 'ನಾವೆಲ್ಲ' ಎಂಬ ಮಾತಿನೊಳಗೆ ಇದ್ದುದು ಒಬ್ಬ ಹೆಂಗಸು. ಹೊರಗಿನವರು ಬೇಡವೆಂದು ತೀರ್ಮಾನಿಸಿದವರು ಉಳಿದವರೆಲ್ಲ.

ಇದು ಒಂದು ಮನೆಯ ಕಥೆಯೇನಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಮನೆಯವರ ಆರೈಕೆಯಲ್ಲಿ ತೊಡಗಿದ್ದ ಹೆಂಗಸರು ನೂರಕ್ಕೆ 27.6, ಗಂಡಸರು ನೂರಕ್ಕೆ 14. ಹಾಗೆ ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷ ಕೊಟ್ಟರೆ, ಗಂಡಸರು ಕೊಟ್ಟದ್ದು 76 ನಿಮಿಷ. ಇದರಲ್ಲಿ ಮಕ್ಕಳ ಆರೈಕೆಯೂ ಸೇರಿದೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ ಈ ಅಂತರ ಎಷ್ಟಿರುತ್ತದೆಂದು ನಿಮ್ಮ ಬಂಧುಬಳಗವನ್ನೇ ನೆನೆದು ಅಂದಾಜು ಮಾಡಿಕೊಳ್ಳಿ.

ಆರೈಕೆ ಮಾಡುವವರೂ ಕಾಯಿಲೆ ಬೀಳುತ್ತಾರೆ. ಮೊದಲು ಹೋಗುವುದು ನಿದ್ದೆ. ನಂತರ ಸೊಂಟ, ಮಂಡಿ, ಕುತ್ತಿಗೆ. ತಮ್ಮ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ತಪಾಸಣೆ ಮರೆತೇಹೋಗುತ್ತವೆ. ಸಣ್ಣ ವಿಷಯಕ್ಕೆ ಸಿಡುಕು, ಕಾರಣವಿಲ್ಲದೆ ಅಳು, "ಇವರು ಬೇಗ ಹೋಗಬಾರದೆ" ಎಂಬ ಯೋಚನೆ, ಆ ಯೋಚನೆ ಬಂದದ್ದಕ್ಕೇ ಪಾಪಪ್ರಜ್ಞೆ. ಇಂಥವರನ್ನು ಕೆಟ್ಟವರೆಂದು ಭಾವಿಸಬೇಡಿ. ಅವರು ದಣಿದಿದ್ದಾರೆ. ರೋಗಿಯನ್ನು ನೋಡಲು ಬರುವ ನೆಂಟರು "ಹೇಗಿದ್ದಾರೆ?" ಎಂದು ರೋಗಿಯ ಬಗ್ಗೆ ಮಾತ್ರ ಕೇಳಿ, ಕಾಫಿ ಕುಡಿದು, ಬುದ್ಧಿಮಾತು ಹೇಳಿ ಹೋಗುತ್ತಾರೆ. "ನೀನು ಹೇಗಿದ್ದೀಯಮ್ಮ?" ಎಂದು ಸೊಸೆಯನ್ನು ಕೇಳುವವರು ಅಪರೂಪ.

ಪ್ರೀತಿಯ ಜೊತೆ ತಿಳಿವಳಿಕೆಯೂ ಬೇಕು

"ನಮ್ಮಷ್ಟು ಪ್ರೀತಿಯಿಂದ ಹೊರಗಿನವರು ನೋಡಿಕೊಳ್ಳುತ್ತಾರೆಯೆ?" ಎಂದು ಅನೇಕರು ಕೇಳುತ್ತಾರೆ. ನೋಡಿಕೊಳ್ಳಲಾರರು, ನಿಜ. ಆದರೆ ಹಾಸಿಗೆ ಹುಣ್ಣು ಪ್ರೀತಿ ಇರುವ ಮನೆಯಲ್ಲೂ ಆಗುತ್ತದೆ. ಒಂದೇ ಕಡೆ ಭಾರ ಬಿದ್ದು ಅಲ್ಲಿನ ಚರ್ಮಕ್ಕೆ ರಕ್ತ ಹರಿಯದಿದ್ದರೆ ಚರ್ಮ ಸಾಯುತ್ತದೆ. ಹೊರಳಲಾರದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಾಳಿ ಹಾಸಿಗೆ ಇದ್ದರೂ ಇದು ತಪ್ಪದು. ಕೆಂಪಾದ ಜಾಗವನ್ನು ತಿಕ್ಕಬಾರದು. ತೆರೆದ ಹುಣ್ಣಿಗೆ ಪೌಡರ್, ಅರಿಶಿನ ಮೆತ್ತಬಾರದು.

ಊಟ ಮಾಡಿಸುವುದಕ್ಕೂ ಕ್ರಮವಿದೆ. ಪಾರ್ಶ್ವವಾಯು ಬಡಿದ ಅನೇಕರಿಗೆ ನುಂಗುವ ಶಕ್ತಿ ಕುಗ್ಗಿರುತ್ತದೆ. ಮಲಗಿಸಿಕೊಂಡೇ ಗಂಜಿ ಹುಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗಬಹುದು. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಸಣ್ಣ ಸಣ್ಣ ತುತ್ತು ಕೊಟ್ಟು, ಆಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಎಬ್ಬಿಸುವಾಗ ಸ್ವಾಧೀನವಿಲ್ಲದ ಕೈ ಹಿಡಿದು ಎಳೆಯಬಾರದು. ಹೆಗಲ ಕೀಲು ಜಾರುತ್ತದೆ. ಮೂತ್ರದ ನಳಿಕೆ ಹಾಕಿದ್ದರೆ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೇ ಇರಬೇಕು.

ಇವನ್ನೆಲ್ಲ ಮನೆಯವರು ಕಲಿಯಬಹುದು, ಕಲಿಯಬೇಕು ಕೂಡ. ಆದರೆ ಹಗಲಿರುಳು, ವರ್ಷಗಟ್ಟಲೆ, ಒಬ್ಬರೇ ಮಾಡಬಲ್ಲ ಕೆಲಸ ಇದಲ್ಲ. ಆಸ್ಪತ್ರೆಯಲ್ಲಿ ಇದೇ ಕೆಲಸಕ್ಕೆ ಮೂರು ಪಾಳಿಯ ಜನರಿರುತ್ತಾರೆ. ಮನೆಯಲ್ಲಿ ಮೂರು ಪಾಳಿಗೂ ಒಬ್ಬಳೇ ಸೊಸೆ.

ಹಿಂದಿನ ಕಾಲದಲ್ಲಿ ಯಾರು ಮಾಡುತ್ತಿದ್ದರು?

"ನಮ್ಮ ಅಜ್ಜ ಅಜ್ಜಿಯರನ್ನು ಮನೆಯಲ್ಲೇ ನೋಡಿಕೊಳ್ಳಲಿಲ್ಲವೆ? ಯಾವ ನರ್ಸ್ ಬಂದಿದ್ದರು?" ಎನ್ನುವ ಹಿರಿಯರಿದ್ದಾರೆ. ಇದಕ್ಕೆ ಎರಡು ಉತ್ತರಗಳು.

ಮೊದಲನೆಯದು, ಕೂಡುಕುಟುಂಬದಲ್ಲಿ ಕೈಗಳು ಹೆಚ್ಚಿದ್ದವು. ಅದರಲ್ಲೂ ಈ ಕೆಲಸಕ್ಕೆ ಸಿಗುತ್ತಿದ್ದವರು ಯಾರೆಂದು ನೆನಪು ಮಾಡಿಕೊಳ್ಳಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅತ್ತೆ, ಮದುವೆಯಾಗದೆ ಉಳಿದ ಚಿಕ್ಕಮ್ಮ, ಊಟಕ್ಕಾಗಿ ಮನೆಯಲ್ಲಿದ್ದ ಬಡ ನೆಂಟರ ಹುಡುಗಿ. ಬೇರೆ ದಾರಿಯಿಲ್ಲದ ಹೆಂಗಸರ ಸಂಬಳವಿಲ್ಲದ ದುಡಿಮೆಯ ಮೇಲೆ ಆ ಸೇವೆ ನಿಂತಿತ್ತು. ಅದನ್ನೆಲ್ಲ ನಾವು ಸಂಪ್ರದಾಯವೆಂದು ಕರೆದೆವು. ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

ಎರಡನೆಯದು, ಆಯುಷ್ಯದ ಲೆಕ್ಕ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಶಿಶುಮರಣ ಹೆಚ್ಚಿದ್ದರಿಂದ ಸರಾಸರಿ ಅಷ್ಟು ಕೆಳಗಿತ್ತು ಎನ್ನುವುದೂ ನಿಜ. ಈಗ ಅದು 70ರ ಆಸುಪಾಸಿನಲ್ಲಿದೆ. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಜನರಲ್ಲಿ ನೂರಕ್ಕೆ 9.5ರಷ್ಟು ಮಂದಿ 60 ದಾಟಿದವರಾಗಿದ್ದರು. ಹಿಂದೆ ತೀವ್ರ ಪಾರ್ಶ್ವವಾಯು ಬಡಿದವರಲ್ಲಿ, ತೊಡೆಯ ಮೂಳೆ ಮುರಿದವರಲ್ಲಿ ಬಹಳ ಮಂದಿ ಕೆಲವು ವಾರ ಇಲ್ಲವೆ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದರು. ಇಂದು ಅವರನ್ನು ಉಳಿಸುತ್ತೇವೆ. ಉಳಿದವರು ಐದು ವರ್ಷ, ಹತ್ತು ವರ್ಷ ಆರೈಕೆಯಲ್ಲಿ ಬದುಕುತ್ತಾರೆ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯನ್ನೇ ತೆಗೆದುಕೊಳ್ಳಿ. ಇತ್ತೀಚಿನ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಇವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಾಗದ ಹಂತ ಬರುತ್ತದೆ. ಕೆಲವು ವಾರಗಳ ಸೇವೆಗೆಂದು ರೂಪುಗೊಂಡ ಪದ್ಧತಿಯ ಮೇಲೆ ಹತ್ತು ವರ್ಷಗಳ ಭಾರ ಹೇರಿದರೆ ಅದು ತಾಳೀತೆ?

ಬಾಣಂತನಕ್ಕೆ ಬರುವವರು ಹೊರಗಿನವರಲ್ಲವೆ?

ಹೊರಗಿನವರ ಕೈಯಲ್ಲಿ ಮನೆಯವರ ಮೈ ಕೊಡುವುದು ನಮ್ಮ ಸಂಸ್ಕೃತಿಯಲ್ಲೇ ಇಲ್ಲ ಎನ್ನುವವರು ಬಾಣಂತಿಯ ಕೋಣೆಯನ್ನು ಮರೆತಿದ್ದಾರೆ. ಮಗಳು ಹೆರಿಗೆಗೆ ತವರಿಗೆ ಬಂದಾಗ ಏನು ಮಾಡುತ್ತೇವೆ? ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹುಯ್ಯಲು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆಯಲು, ಸಾಂಬ್ರಾಣಿ ಹೊಗೆ ಹಿಡಿಯಲು ಅನುಭವಸ್ಥ ಹೆಂಗಸೊಬ್ಬಳನ್ನು ಗೊತ್ತುಮಾಡುತ್ತೇವೆ. ಆಕೆಗೆ ಹಣ ಕೊಡುತ್ತೇವೆ, ಮುಗಿದ ಮೇಲೆ ಸೀರೆ, ಎಲೆಅಡಿಕೆ ಕೊಟ್ಟು ಕಳಿಸುತ್ತೇವೆ. ಹಸಿ ಬಾಣಂತಿಯ ಮೈಯನ್ನೂ, ಹತ್ತು ದಿನದ ಕೂಸನ್ನೂ ಆಕೆಯ ಕೈಗೆ ಒಪ್ಪಿಸುತ್ತೇವೆ. "ಮಗಳನ್ನು ಕೂಲಿಯವಳ ಕೈಗೆ ಕೊಟ್ಟರು" ಎಂದು ಯಾವ ನೆಂಟರೂ ಆಡಿಕೊಳ್ಳುವುದಿಲ್ಲ. "ಒಳ್ಳೆ ಬಾಣಂತನ ಮಾಡಿಸಿದರು" ಎನ್ನುತ್ತಾರೆ.

ಅದಕ್ಕೂ ಹಿಂದೆ ಸೂಲಗಿತ್ತಿ ಇದ್ದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಯಾರ ಮನೆಯ ಸೊಸೆಯೂ ಅಲ್ಲದ, ಯಾರ ಮನೆಯ ಅತ್ತೆಯೂ ಅಲ್ಲದ ಒಬ್ಬ ಹೆಂಗಸನ್ನು ಮನೆಮನೆಯೂ ಒಳಗೆ ಕರೆದಿತ್ತು. ಕೈ ನುರಿತದ್ದೆಂಬ ಒಂದೇ ಕಾರಣ ಸಾಕಾಗಿತ್ತು.

ಬದುಕಿನ ಈ ತುದಿಯಲ್ಲಿ ನುರಿತ ಹೊರಗಿನ ಕೈಯನ್ನು ಗೌರವದಿಂದ ಕರೆಯುವ ನಾವು, ಆ ತುದಿಯಲ್ಲಿ ಅದೇ ಕೈಯನ್ನು ಏಕೆ ಅವಮಾನವೆಂದು ಎಣಿಸುತ್ತೇವೆ? ಬಾಣಂತನದ ಪದ್ಧತಿ ತಲೆತಲಾಂತರದಿಂದ ಬಂದದ್ದು, ಮುಪ್ಪಿನ ದೀರ್ಘ ಆರೈಕೆ ಹೊಸದು. ಹೊಸದಕ್ಕೆ ನಾವಿನ್ನೂ ಪದ್ಧತಿ ಮಾಡಿಕೊಂಡಿಲ್ಲ. ನನಗೆ ತೋರುವ ಕಾರಣ ಇಷ್ಟೇ.

ಶ್ರವಣಕುಮಾರನ ಕಾವಡಿ

ಮಾತಾಪಿತೃ ಸೇವೆ ಎಂದೊಡನೆ ನಮಗೆ ನೆನಪಾಗುವವನು ಶ್ರವಣಕುಮಾರ. ಕುರುಡರಾದ ತಂದೆತಾಯಿಯನ್ನು ಕಾವಡಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತವನು. ಮಕ್ಕಳಿಗೆ ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ ಹೇಳುತ್ತೇವೆ. ಕಥೆಯ ಉಳಿದ ಭಾಗವನ್ನೂ ನೆನೆಯಿರಿ. ನೀರು ತರಲು ಹೋದ ಶ್ರವಣ ದಶರಥನ ಬಾಣಕ್ಕೆ ಸಿಕ್ಕಿ ಸತ್ತ. ಕಾವಡಿಗೆ ಹೆಗಲು ಕೊಡಲು ಇನ್ನೊಬ್ಬರಿರಲಿಲ್ಲ. ಮಗನ ಹಿಂದೆಯೇ ಆ ಮುದುಕ ಮುದುಕಿಯೂ ಪ್ರಾಣ ಬಿಟ್ಟರು.

ಶ್ರವಣನ ಭಕ್ತಿ ದೊಡ್ಡದು. ಆದರೆ ಒಬ್ಬನೇ ಹೊರುವ ಕಾವಡಿ ಎಷ್ಟು ಅಪಾಯದ್ದು ಎಂಬುದನ್ನೂ ಆ ಕಥೆಯೇ ಹೇಳುತ್ತದೆ. ನಮ್ಮ ಮನೆಗಳಲ್ಲಿ ಶ್ರವಣನ ಹೆಸರು ಮಗನಿಗೆ, ಕಾವಡಿ ಸೊಸೆಯ ಹೆಗಲಿಗೆ. ಆಕೆ ಒಂದು ದಿನ ಕುಸಿದರೆ ಮಾವನವರ ಗತಿಯೇನು ಎಂದು ಮೊದಲೇ ಯೋಚಿಸುವುದೂ ಸೇವೆಯ ಭಾಗವೇ ಅಲ್ಲವೆ?

ಕಾನೂನಿನ ಮಾತು ಹೇಳುವುದಾದರೆ, ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆಯಿದೆ. ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಇವೆಲ್ಲ ಮಕ್ಕಳ ಹೊಣೆ ಎಂದು ಅದು ಹೇಳುತ್ತದೆ. ಎಲ್ಲವನ್ನೂ ಮಕ್ಕಳು ತಮ್ಮ ಕೈಯಾರೆಯೇ ಮಾಡಬೇಕೆಂದು ಹೇಳುವುದಿಲ್ಲ. ಅದು ನಾವು ನಮಗೇ ಹಾಕಿಕೊಂಡ ಕಟ್ಟು.

ಮೈ, ಮಾನ, ಮಡಿ

ಬೇಡವೆನ್ನುವವರು ಮಕ್ಕಳು ಮಾತ್ರವಲ್ಲ. ಹಿರಿಯರೇ ಒಪ್ಪದಿರುವುದುಂಟು. "ಗುರುತು ಪರಿಚಯವಿಲ್ಲದವರು ನನ್ನ ಬಟ್ಟೆ ಬಿಚ್ಚುವುದು ಬೇಡ" ಎಂದು 80 ವರ್ಷದ ಅಜ್ಜಿ ಹೇಳಿದರೆ ಅದನ್ನು ಹಟವೆಂದು ತಳ್ಳಿಹಾಕಬೇಡಿ. ಅದು ಮಾನದ ಪ್ರಶ್ನೆ. ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಸಾಧ್ಯವಾದಷ್ಟೂ ಗಂಡಸರೇ ಇರಲಿ. ಮೊದಲ ವಾರ ಮನೆಯವರೊಬ್ಬರು ಜೊತೆಗಿರಿ. ಸ್ನಾನ ಮಾಡಿಸುವಾಗ ಮೈಮೇಲೆ ಪಂಚೆಯೋ ಸೀರೆಯೋ ಹೊದಿಸಿರಲಿ. ಮೊದಲು ಔಷಧಿ ಕೊಡುವುದು, ಕೈಹಿಡಿದು ನಡೆಸುವುದು. ಸ್ನಾನ, ಶೌಚ ಆಮೇಲೆ. ಪರಿಚಯ ಬೆಳೆದಂತೆ ಸಂಕೋಚ ತಾನಾಗಿ ಕಡಿಮೆಯಾಗುತ್ತದೆ. ಇನ್ನೊಂದು ಮಾತು. ಮಾವನಿಗೆ ಸೊಸೆಯಿಂದ ಮಲಮೂತ್ರ ತೆಗೆಸಿಕೊಳ್ಳುವುದೂ ಸಂಕೋಚದ ವಿಷಯವೇ. ಬಾಯಿಬಿಟ್ಟು ಹೇಳಲಾರದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ ಹಿರಿಯರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಹೊರಗಿನ ಸಹಾಯಕನೇ ಸಮಾಧಾನ.

ಇನ್ನು ಮಡಿಯ ಮಾತು. ಸಹಾಯಕರು ಬೇಕೆಂದು ಕೇಳುವಾಗಲೇ "ಯಾವ ಜನ?" ಎಂದು ವಿಚಾರಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಡುಗೆಮನೆಗೆ ಬರಬಾರದು, ಬೇರೆ ಲೋಟ, ಬೇರೆ ತಟ್ಟೆ, ಊಟ ಮೆಟ್ಟಿಲ ಮೇಲೆ. ಅಪ್ಪನ ಮಲ ತೊಳೆಯುವ ಕೈಗೆ ನಿಮ್ಮ ಮನೆಯ ಲೋಟ ಮುಟ್ಟುವ ಅರ್ಹತೆ ಇಲ್ಲವೆಂದರೆ ಏನರ್ಥ? ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದುಮಾಡಿ ಏಳು ದಶಕಗಳ ಮೇಲಾಯಿತು. ಯಾವ ಕಾಯಕವೂ ಕೀಳಲ್ಲವೆಂದು 12ನೇ ಶತಮಾನದಲ್ಲೇ ಸಾರಿದ ಶರಣರ ನಾಡು ನಮ್ಮದು. ವೈದ್ಯನಾಗಿ ನನ್ನ ಸಲಹೆ ಇಷ್ಟೇ. ಮಡಿಯಲ್ಲಿರುವ ಶುಚಿತ್ವವನ್ನು ಉಳಿಸಿಕೊಳ್ಳಿ. ರೋಗಿಯನ್ನು ಮುಟ್ಟುವ ಮುನ್ನ, ಮುಟ್ಟಿದ ಮೇಲೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಲಿ. ಸಹಾಯಕರೂ, ನೀವೂ, ನೋಡಲು ಬಂದ ನೆಂಟರೂ. ಸೋಂಕು ತಡೆಯುವುದು ಸೋಪು, ನೀರು. ಜಾತಿ ಕೇಳಿ ಯಾರ ಹುಣ್ಣೂ ವಾಸಿಯಾಗಿಲ್ಲ.

ಇನ್ನೊಂದು ಅತಿ

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಏಜೆನ್ಸಿಗೆ ಫೋನ್ ಮಾಡಿ, ಆಯಾಳನ್ನು ಗೊತ್ತುಮಾಡಿ, ತಿಂಗಳ ಹಣ ಕಳಿಸಿ "ನಮ್ಮ ಕರ್ತವ್ಯ ಮುಗಿಯಿತು" ಎಂದುಕೊಳ್ಳುವ ಮಕ್ಕಳೂ ಇದ್ದಾರೆ. ಅವರು ಹೊರದೇಶದಲ್ಲೇ ಇರಬೇಕಾಗಿಲ್ಲ. ಅದೇ ಮನೆಯ ಮಹಡಿಯ ಮೇಲೂ ಇರಬಹುದು. ಆಡಿಕೊಳ್ಳುವ ನಾಲ್ಕು ಜನರ ಮಾತಿನಲ್ಲಿ ಸತ್ಯವಿರುವುದು ಇಂಥ ಮನೆಗಳ ವಿಷಯದಲ್ಲಿ.

ಸ್ನಾನ, ಶೌಚ, ಮಗ್ಗುಲು ಬದಲಿಸುವುದು, ರಾತ್ರಿಯ ಎಚ್ಚರ ಇವನ್ನು ಹಂಚಿಕೊಳ್ಳಬಹುದು. ಸಂಜೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ಮಾತನಾಡುವುದನ್ನು ಹಂಚಿಕೊಳ್ಳಲಾಗದು. ವೈದ್ಯರ ಹತ್ತಿರ ಮಾತನಾಡುವುದು, ಔಷಧಿ ಬದಲಾದರೆ ತಿಳಿದುಕೊಳ್ಳುವುದು, ವಾರಕ್ಕೊಮ್ಮೆಯಾದರೂ ಮೈ ಪೂರ್ತಿ ಹೊರಳಿಸಿ ಚರ್ಮ ನೋಡುವುದು, ಹಿರಿಯರು ಯಾರಿಗಾದರೂ ಹೆದರುತ್ತಿದ್ದಾರೆಯೇ ಎಂದು ಗಮನಿಸುವುದು ಮನೆಯವರ ಕೆಲಸ. ಮಾತು ನಿಂತ ತಂದೆಗೆ ದೂರು ಹೇಳಲು ಬಾಯಿಲ್ಲ. ನಿಮ್ಮ ಕಣ್ಣೇ ಅವರ ಬಾಯಿ.

ದಾರಿಗಳು ಇವೆ

ಹಣದ ಪ್ರಶ್ನೆ ದೊಡ್ಡದೇ. ಹಗಲೂ ರಾತ್ರಿಯೂ ಇರುವ ಸಹಾಯಕರ ಸಂಬಳವನ್ನು ಎಷ್ಟೋ ಮನೆಗಳ ಪಿಂಚಣಿ ತಡೆಯಲಾರದು. ಆರೋಗ್ಯ ವಿಮೆಗಳು ಹೆಚ್ಚಾಗಿ ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಖರ್ಚನ್ನು ಕೊಡುತ್ತವೆಯೇ ಹೊರತು ಮನೆಯ ಸಹಾಯಕರ ಸಂಬಳವನ್ನಲ್ಲ. ಹಾಗೆಂದು ಪೂರ್ತಿ ಸಹಾಯ, ಇಲ್ಲವೆ ಏನೂ ಇಲ್ಲ ಎಂದು ಯೋಚಿಸಬೇಕಾಗಿಲ್ಲ. ಬೆಳಿಗ್ಗೆ ಎರಡು ಗಂಟೆ ಬಂದು ಸ್ನಾನ, ಶುಚಿ ಮುಗಿಸಿ ಹೋಗುವವರು ಸಿಕ್ಕರೂ ಸೊಸೆಯ ಸೊಂಟ ಉಳಿಯುತ್ತದೆ. ವಾರಕ್ಕೊಮ್ಮೆ ನರ್ಸ್ ಬಂದು ಹುಣ್ಣು, ನಳಿಕೆ ನೋಡಿ ಹೋದರೂ ಎಷ್ಟೋ ತೊಂದರೆ ಮೊದಲೇ ತಿಳಿಯುತ್ತದೆ. ದೂರದಲ್ಲಿರುವ ಮಕ್ಕಳು ಖರ್ಚಿನಲ್ಲಿ ಪಾಲು ಕೊಡಲಿ. ಹತ್ತಿರವಿರುವ ಗಂಡುಮಕ್ಕಳು ರಾತ್ರಿಯ ಒಂದು ಸರದಿ ಹೊತ್ತುಕೊಳ್ಳಲಿ. ಇದಕ್ಕೆ ಹಣ ಬೇಕಿಲ್ಲ.

ಇದು ಬೆಂಗಳೂರಿಗೆ ತೀರಾ ಹೊಸ ವಿಚಾರವೂ ಅಲ್ಲ. ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳಿಗಾಗಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1995ರಲ್ಲಿ ಮೊದಲು ಆರಂಭಿಸಿದ್ದು ಮನೆಗೆ ಹೋಗಿ ನೋಡಿಕೊಳ್ಳುವ ಸೇವೆಯನ್ನೇ. ಹಾಸಿಗೆಗಳಿರುವ ಅದರ 'ಕರುಣಾಶ್ರಯ' ತೆರೆದದ್ದು ನಂತರ, 1999ರಲ್ಲಿ. ಎರಡೂ ಉಚಿತ.

ನೆರೆಯ ಕೇರಳದಲ್ಲಿ ಇನ್ನೂ ಮುಂದೆ ಹೋದರು. ಕೋಯಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಮನ ಆರೈಕೆಯ ಕೆಲಸ ಬೆಳೆದು, ಊರಿನ ಸಾಮಾನ್ಯ ಜನರೇ ಸ್ವಯಂಸೇವಕರಾಗಿ ತರಬೇತಿ ಪಡೆದು ನೆರೆಮನೆಯ ರೋಗಿಗಳನ್ನು ನೋಡಿಕೊಳ್ಳುವ ವ್ಯವಸ್ಥೆಯಾಯಿತು. 2008ರಲ್ಲಿ ಅಲ್ಲಿನ ಸರ್ಕಾರ ಅದನ್ನು ತನ್ನ ನೀತಿಯನ್ನಾಗಿ ಮಾಡಿಕೊಂಡಿತು. ಅಲ್ಲಿ ಹೊರಗಿನವರು ಎಂದರೆ ಪಕ್ಕದ ಬೀದಿಯವರು.

ಜಪಾನನ್ನೂ ನೋಡಿ. ಅಲ್ಲೂ ಅತ್ತೆಮಾವಂದಿರ ಸೇವೆ ಹಿರಿಯ ಮಗನ ಹೆಂಡತಿಯ ಪಾಲಿಗೇ ಬರುತ್ತಿತ್ತು. 2000ದ ಏಪ್ರಿಲ್‌ನಲ್ಲಿ ದೀರ್ಘಕಾಲದ ಆರೈಕೆಗೆಂದೇ ಅಲ್ಲಿ ಕಡ್ಡಾಯ ವಿಮೆ ಜಾರಿಗೆ ಬಂತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಮುಪ್ಪಿನಲ್ಲಿ ಮನೆಗೇ ಸಹಾಯಕರು ಬರುತ್ತಾರೆ. ತಾನು ಕಂತು ಕಟ್ಟಿ ಪಡೆದ ಸೇವೆಗೆ ನಾಚಿಕೆ ಪಡುವವರು ಯಾರು? ನಮ್ಮಲ್ಲೂ ಇಂಥದೊಂದು ವ್ಯವಸ್ಥೆಯನ್ನು ಸರ್ಕಾರ ಯೋಚಿಸಬೇಕಾದ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಇಟ್ಟುಕೊಳ್ಳುವ ಮುನ್ನ

ನಿಮ್ಮ ಮನೆಗೆ ಸಹಾಯಕರನ್ನು ಗೊತ್ತುಮಾಡುವ ಯೋಚನೆಯಿದ್ದರೆ ಈ ವಿಷಯಗಳು ನೆನಪಿರಲಿ.

1. ನಿಮಗೆ ಬೇಕಾದವರು ಯಾರು ಎಂದು ಮೊದಲು ವೈದ್ಯರನ್ನು ಕೇಳಿ. ಚುಚ್ಚುಮದ್ದು, ಮೂಗಿನ ನಳಿಕೆ, ಆಳದ ಹುಣ್ಣು ಇದ್ದರೆ ಓದಿದ ನರ್ಸ್ ಬೇಕು. ಅವರ ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನು ನೋಡಿ. ಸ್ನಾನ, ಊಟ, ನಡೆದಾಟಕ್ಕೆ ತರಬೇತಾದ ಸಹಾಯಕರು ಸಾಕು.

2. ಗುರುತಿನ ಚೀಟಿ, ಹಿಂದೆ ಕೆಲಸ ಮಾಡಿದ ಮನೆಗಳ ವಿಚಾರಣೆ, ಪೊಲೀಸ್ ಪರಿಶೀಲನೆ ಬಿಡಬೇಡಿ. ಇದು ಅನುಮಾನದ ಮಾತಲ್ಲ, ಇಬ್ಬರಿಗೂ ರಕ್ಷಣೆ.

3. ಕೆಲಸ ಏನೇನು ಎಂದು ಬರೆದಿಡಿ. ರೋಗಿಯ ಆರೈಕೆಗೆ ಬಂದವರಿಂದ ಮನೆಮಂದಿಯ ಪಾತ್ರೆ, ಬಟ್ಟೆ ತೊಳೆಸಬೇಡಿ.

4. ದಿನಕ್ಕೊಂದು ಪುಟದ ಪುಸ್ತಕವಿರಲಿ. ಮಗ್ಗುಲು ಬದಲಿಸಿದ ಹೊತ್ತು, ಊಟ, ಮೂತ್ರ, ಔಷಧಿ ಎಲ್ಲ ಅದರಲ್ಲಿರಲಿ.

5. ಅವರಿಗೂ ನಿದ್ದೆ, ಬಿಸಿ ಊಟ, ವಾರದ ರಜೆ, ಮಲಗಲು ಒಂದು ಮೂಲೆ ಬೇಕು. 24 ಗಂಟೆ ಎಚ್ಚರವಿರುವ ಮನುಷ್ಯರಿಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ನಮ್ಮದು, 2004ರಲ್ಲಿ. ಆ ಹೆಸರನ್ನು ಉಳಿಸಿಕೊಳ್ಳೋಣ.

6. ಹಿರಿಯರಿಗೆ ಬುದ್ಧಿ ಸ್ವಾಧೀನದಲ್ಲಿದ್ದರೆ ಅವರನ್ನು ಕೇಳಿಯೇ ನಿರ್ಧರಿಸಿ.

7. ಹಿರಿಯರಿಗೆ ಸಂಬಂಧಿಸಿದ ಮಾಹಿತಿ, ತೊಂದರೆಗಳಿಗೆ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಆರೈಕೆ ಮಾಡಿ ಮನಸ್ಸು ಕುಗ್ಗಿದವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ಮನೆಯಲ್ಲಿ ಆಮೇಲೆ

ಉಪನಗರದ ಆ ಹಿರಿಯರನ್ನು ಮತ್ತೆ ಆಸ್ಪತ್ರೆಗೆ ಸೇರಿಸಿ ಹುಣ್ಣನ್ನು ಶುಚಿಮಾಡಿಸಬೇಕಾಯಿತು. ಮನೆಗೆ ಮರಳಿದಾಗ ಹಗಲು ಹೊತ್ತಿಗೆ ಚಾಮರಾಜನಗರ ಕಡೆಯ ಹುಡುಗನೊಬ್ಬ ಬಂದ. ಎರಡು ದಿನ ಹಿರಿಯರು ಗೋಡೆಯ ಕಡೆ ಮುಖ ಮಾಡಿಕೊಂಡೇ ಇದ್ದರು. ಮೂರನೆಯ ದಿನ ಆ ಹುಡುಗ, "ಯಜಮಾನ್ರೇ, ಕಾರ್ಖಾನೇಲಿ ನೀವು ಯಾವ ಮಿಷಿನ್ ಓಡಿಸ್ತಿದ್ರಿ?" ಎಂದು ಕೇಳಿದನಂತೆ. ತೊದಲುತ್ತಲೇ "ಲೇತು" ಎಂದರಂತೆ. ಅಲ್ಲಿಂದ ಇಬ್ಬರಿಗೂ ಮಾತು ಶುರುವಾಯಿತು. ಮೊದಲ ವಾರ ಮೆಟ್ಟಿಲ ಮೇಲೆ ಊಟ ಮಾಡುತ್ತಿದ್ದ ಹುಡುಗನನ್ನು ಅತ್ತೆಯೇ ಒಳಗೆ ಕರೆದು ಕೂರಿಸಿದರು.

ಹುಣ್ಣು ಒಣಗಲು ಏಳು ತಿಂಗಳು ಹಿಡಿಯಿತು. ರಾತ್ರಿ ಮಗ್ಗುಲು ಬದಲಿಸುವುದನ್ನು ಆ ಹುಡುಗನಿಂದಲೇ ಮಗ ಕಲಿತ. ಭಾನುವಾರ ತಂದೆಗೆ ಕ್ಷೌರ ಮಾಡುವುದು ಈಗ ಅವನ ಪಾಲಿನ ಕೆಲಸ. ಸೊಸೆ ಜೂನ್‌ನಲ್ಲಿ ಮತ್ತೆ ಶಾಲೆಗೆ ಹೋಗತೊಡಗಿದರು.

ಕಳೆದ ಸಲ ನಾನು ಹೋಗಿದ್ದಾಗ ಎದುರುಮನೆಯ ಹಿರಿಯರೊಬ್ಬರು ನೋಡಲು ಬಂದಿದ್ದರು. ಶುಭ್ರ ಹಾಸಿಗೆ, ಬೋಳಿಸಿದ ಗಲ್ಲ, ಕುರ್ಚಿಯಲ್ಲಿ ಕೂತ ಗೆಳೆಯನನ್ನು ಕಂಡು, "ಅಪ್ಪನ್ನ ಚೆನ್ನಾಗಿ ನೋಡ್ಕೋತಿದ್ದೀಯಪ್ಪ" ಎಂದು ಮಗನ ಬೆನ್ನು ತಟ್ಟಿದರು. ಆಡಿಕೊಳ್ಳುತ್ತಾರೆಂದು ಮಗ ಹೆದರಿದ್ದ ಆ ನಾಲ್ಕು ಜನರಲ್ಲಿ ಅವರೂ ಒಬ್ಬರು.

ನಿಮ್ಮ ಬೀದಿಯಲ್ಲೂ ಹಾಸಿಗೆ ಹಿಡಿದ ಹಿರಿಯರಿರುವ ಮನೆಯೊಂದು ಇದ್ದೇ ಇರುತ್ತದೆ. ಈ ವಾರ ಅಲ್ಲಿಗೆ ಹೋಗಿಬನ್ನಿ. ರೋಗಿಯನ್ನು ವಿಚಾರಿಸಿದ ಮೇಲೆ ಅವರನ್ನು ನೋಡಿಕೊಳ್ಳುವವರನ್ನೂ ವಿಚಾರಿಸಿ. ಸಹಾಯಕ್ಕೆ ಯಾರನ್ನಾದರೂ ಇಟ್ಟುಕೊಂಡಿದ್ದರೆ ಒಳ್ಳೆಯ ಕೆಲಸ ಮಾಡಿದಿರಿ ಎನ್ನಿ. ಇಟ್ಟುಕೊಂಡಿಲ್ಲವಾದರೆ, ಒಂದು ಮಧ್ಯಾಹ್ನ ನಾವು ಕೂತಿರುತ್ತೇವೆ, ನೀವು ಸ್ವಲ್ಪ ಮಲಗಿ ಎನ್ನಿ.